ದೇಹದಾನ: ಸಹಿ ಮಾಡುವುದು ನೀವು, ಕೊಡುವುದು ಮನೆಯವರು

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳು ದಾನವಾದವು. 2024ರ ಸೆಪ್ಟೆಂಬರ್‌ನಲ್ಲಿ ಸಿಪಿಎಂ ನಾಯಕ ಸೀತಾರಾಂ ಯೆಚೂರಿ ತೀರಿಕೊಂಡಾಗ ಅವರ ಇಡೀ ದೇಹವನ್ನು ದೆಹಲಿಯ ಏಮ್ಸ್‌ಗೆ ಕೊಟ್ಟರು. ಇಂಥ ಸುದ್ದಿ ಬಂದಾಗಲೆಲ್ಲ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ: "ನಾನೂ ಬರೆದುಕೊಟ್ಟುಬಿಡ್ತೀನಿ. ಸುಟ್ಟು ಬೂದಿ ಮಾಡೋದಕ್ಕಿಂತ ನಾಲ್ಕು ಜನಕ್ಕೆ ಉಪಯೋಗ ಆಗಲಿ."

ಬರೆದುಕೊಡುವುದು ಸುಲಭ. ಒಂದು ಫಾರಂ, ಎರಡು ಸಾಕ್ಷಿ ಸಹಿ, ಒಂದು ಫೋಟೋ. ಕಷ್ಟ ಇರುವುದು ಆಮೇಲೆ. ಏಕೆಂದರೆ ಈ ದಾನವನ್ನು ನಿಜವಾಗಿ ನಡೆಸಿಕೊಡಬೇಕಾದ ಹೊತ್ತಿಗೆ ದಾನಿಯೇ ಇರುವುದಿಲ್ಲ. ಮನೆಯವರು, ಅದೂ ಅಳುತ್ತಿರುವ ಹೊತ್ತಿನಲ್ಲಿ, ಕೆಲವೇ ಗಂಟೆಗಳಲ್ಲಿ ಮಾಡಿ ಮುಗಿಸಬೇಕು. ಅವರಿಗೆ ದಾರಿ ಗೊತ್ತಿಲ್ಲದಿದ್ದರೆ ಬೀರುವಿನಲ್ಲಿರುವ ಕಾರ್ಡ್ ಅಲ್ಲೇ ಉಳಿಯುತ್ತದೆ.

ಮೂರು ದಾನ, ಮೂರು ದಾರಿ

ಮೇಲೆ ಹೇಳಿದ ಮೂರೂ ಸಾವುಗಳಲ್ಲಿ ಆದದ್ದು ಬೇರೆ ಬೇರೆ ದಾನ. ಒಂದಕ್ಕೆ ಹೆಸರು ಬರೆಸಿದರೆ ಇನ್ನೊಂದಕ್ಕೂ ಬರೆಸಿದಂತೆ ಅಲ್ಲ.

ನೇತ್ರದಾನ ಎಲ್ಲಕ್ಕಿಂತ ಸರಳ. ತೆಗೆದುಕೊಳ್ಳುವುದು ಮುಖ್ಯವಾಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಅದರಲ್ಲಿ ರಕ್ತನಾಳವೇ ಇಲ್ಲ, ಹಾಗಾಗಿ ಹೃದಯ ನಿಂತ ಮೇಲೂ ಸುಮಾರು 6 ಗಂಟೆ ತನಕ ತೆಗೆಯಬಹುದು. ಮನೆಯಲ್ಲಿ ತೀರಿಕೊಂಡರೂ ನೇತ್ರ ಬ್ಯಾಂಕಿನವರು ಬಂದು ತೆಗೆದುಕೊಂಡು ಹೋಗುತ್ತಾರೆ. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಜೋಡಿಸಿದರು.

ಅಂಗಾಂಗ ದಾನ ಹಾಗಲ್ಲ. ಹೃದಯ, ಲಿವರ್, ಕಿಡ್ನಿಗೆ ಕೊನೆಯ ಕ್ಷಣದವರೆಗೂ ರಕ್ತ ಹರಿಯುತ್ತಿರಬೇಕು. ಸಾಮಾನ್ಯವಾಗಿ ಇದು ಸಾಧ್ಯವಾಗುವುದು ಮಿದುಳು ಪೂರ್ತಿ ಸತ್ತು, ವೆಂಟಿಲೇಟರ್ ಬಲದಿಂದ ಹೃದಯ ಇನ್ನೂ ಬಡಿಯುತ್ತಿರುವ ಐಸಿಯು ರೋಗಿಗಳಲ್ಲಿ ಮಾತ್ರ. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ 'ಬ್ರೈನ್ ಡೆತ್' ಎಂದು ಬರೆದುಕೊಡಬೇಕು. ಇದಕ್ಕೆ ಕೇಂದ್ರದ 1994ರ ಕಾನೂನಿದೆ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ.

ದೇಹದಾನ ಮೂರನೆಯದು. ಹೃದಯ ನಿಂತ ಮೇಲೆ, ಸಹಜ ಸಾವು ಆಗಿದ್ದರೆ, ಇಡೀ ದೇಹವನ್ನು ಮೆಡಿಕಲ್ ಕಾಲೇಜಿನ ಅನಾಟಮಿ, ಅಂದರೆ ದೇಹರಚನೆ ಕಲಿಸುವ ವಿಭಾಗಕ್ಕೆ ಕೊಡುವುದು. ಅದರಿಂದ ಯಾವ ರೋಗಿಗೂ ಏನನ್ನೂ ಜೋಡಿಸುವುದಿಲ್ಲ, ಅದು ಓದುವವರಿಗೆ. ಕಾನೂನೂ ಬೇರೆ: ನಮ್ಮಲ್ಲಿ 1957ರ ಕರ್ನಾಟಕ ಅನಾಟಮಿ ಕಾಯ್ದೆ. ಜೀವಸಾರ್ಥಕತೆಯ ಕಾರ್ಡ್ ಇಟ್ಟುಕೊಂಡು "ನಾನು ದೇಹದಾನ ಮಾಡಿದ್ದೀನಿ" ಎಂದುಕೊಂಡಿರುವವರು ಒಮ್ಮೆ ಕಾರ್ಡ್ ತೆಗೆದು ಓದಿ ನೋಡುವುದು ಒಳ್ಳೆಯದು.

ಇಷ್ಟೊಂದು ತಂತ್ರಜ್ಞಾನ ಇರುವಾಗ ಹೆಣ ಯಾಕೆ ಬೇಕು?

ನಿಮ್ಮ ಕೈಯನ್ನೇ ನೋಡಿ. ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಿ. ಮಣಿಕಟ್ಟಿನ ನಡುವೆ ದಾರದ ಹಾಗೆ ಒಂದು ನರ ಎದ್ದು ನಿಲ್ಲುತ್ತದೆ, ಅಲ್ವಾ? ನಾವು ನರ ಎನ್ನುತ್ತೇವೆ, ನಿಜವಾಗಿ ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ತುದಿ. ಕೆಲವರಿಗೆ ಏಳುವುದಿಲ್ಲ. ಏಕೆಂದರೆ ಅವರಿಗೆ ಆ ಸ್ನಾಯುವೇ ಇಲ್ಲ. ಒಂದೇ ಕೈಯಲ್ಲಿ ಇರುವವರೂ ಇದ್ದಾರೆ. ಇಲ್ಲದಿದ್ದರೂ ಏನೂ ತೊಂದರೆ ಇಲ್ಲ, ಬದುಕಿಡೀ ಗೊತ್ತೇ ಆಗುವುದಿಲ್ಲ.

ಮಣಿಕಟ್ಟಿನಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ಹೊಟ್ಟೆಯೊಳಗೆ ಎಷ್ಟಿರಬಹುದು ಯೋಚಿಸಿ. ಪಿತ್ತಕೋಶಕ್ಕೆ ಹೋಗುವ ರಕ್ತನಾಳ ಒಬ್ಬರಲ್ಲಿ ಒಂದು ಕಡೆಯಿಂದ ಕವಲೊಡೆದರೆ ಇನ್ನೊಬ್ಬರಲ್ಲಿ ಬೇರೆ ಕಡೆಯಿಂದ. ಆಪರೇಷನ್ ಮಾಡುವವರಿಗೆ ಇದು ಮೊದಲೇ ತಲೆಯಲ್ಲಿ ಇರದಿದ್ದರೆ ಬೇರೆಯದನ್ನು ಕತ್ತರಿಸಿಬಿಡುತ್ತಾರೆ. ಪುಸ್ತಕದ ಚಿತ್ರದಲ್ಲಿ ಎಲ್ಲರ ದೇಹವೂ ಒಂದೇ ಥರ. ದೊಡ್ಡ ಸ್ಕ್ರೀನಿನ ಮೇಲೆ ದೇಹವನ್ನು ತಿರುಗಿಸಿ ತೋರಿಸುವ ಡಿಜಿಟಲ್ ಟೇಬಲ್‌ಗಳು ಈಗ ಬಂದಿವೆ, ಚೆನ್ನಾಗಿಯೂ ಇವೆ. ಆದರೆ ಎಳೆದರೆ ಹರಿಯುವ ಪೊರೆ, ಕೊಬ್ಬಿನ ನಡುವೆ ಅಡಗಿದ ನಾಳ, ಎಷ್ಟು ಬಲ ಹಾಕಬಹುದು ಎಂಬ ಅಂದಾಜು ಇವು ಬೆರಳಿಗೇ ಗೊತ್ತಾಗಬೇಕಾದವು.

ಕರ್ನಾಟಕದಲ್ಲಿ ಈಗ 70ರ ಆಸುಪಾಸಿನಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅದರ ಜೊತೆಗೆ ಡೆಂಟಲ್, ಆಯುರ್ವೇದ, ಹೋಮಿಯೋಪತಿ ಕಾಲೇಜುಗಳು. ಎಲ್ಲ ಕಡೆಯೂ ಮೊದಲ ವರ್ಷ ಅನಾಟಮಿ ಇದ್ದೇ ಇದೆ. ಹಿಂದೆ ಈ ಕಾಲೇಜುಗಳು ನಂಬಿಕೊಂಡಿದ್ದು ವಾರಸುದಾರರಿಲ್ಲದ ಶವಗಳನ್ನು. ಅನಾಟಮಿ ಕಾಯ್ದೆ ಹುಟ್ಟಿದ್ದೂ ಮುಖ್ಯವಾಗಿ ಅದಕ್ಕೇ. ಯಾರದೋ ಒಪ್ಪಿಗೆ ಇಲ್ಲದೆ, ಬಡವರಾಗಿ ಬೀದಿಯಲ್ಲಿ ಸತ್ತರು ಎಂಬ ಒಂದೇ ಕಾರಣಕ್ಕೆ ಅವರ ದೇಹ ಟೇಬಲ್ ಮೇಲೆ ಬರುವುದು ಸರಿಯೇ ಎಂಬ ಪ್ರಶ್ನೆ ಹಳೆಯದು. ದಾನದ ದೇಹಕ್ಕೆ ಆ ಪ್ರಶ್ನೆ ಇಲ್ಲ.

ದೇಹ ಸಿಗದೇ ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋದ ಕಥೆ ಇದೆ. ಅಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು 16 ಜನರನ್ನು ಕೊಂದು, ಹೆಣಗಳನ್ನು ಅನಾಟಮಿ ಪಾಠ ಮಾಡುವವರಿಗೆ ಮಾರಿದ್ದರು. ಇಂಥ ಹಗರಣಗಳ ಬಿಸಿಗೇ ಬ್ರಿಟನ್ 1832ರಲ್ಲಿ ಅನಾಟಮಿ ಕಾಯ್ದೆ ತಂದಿತು. ಹೆಣ ಮಾರುವ, ಕೊಳ್ಳುವ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಬಿಗಿಯಾಗಿರುವುದು ಸುಮ್ನೆ ಅಲ್ಲ. ದೇಹ ಕೊಟ್ಟವರಿಗೆ ಕಾಲೇಜು ದುಡ್ಡು ಕೊಡುವುದಿಲ್ಲ, ಕೊಡುವಂತೆಯೂ ಇಲ್ಲ.

ಬದುಕಿದ್ದಾಗ ಮಾಡುವ ಕೆಲಸ

ದೇಹದಾನಕ್ಕೆ ರಾಜ್ಯಕ್ಕೆಲ್ಲ ಒಂದೇ ಕಚೇರಿ ಎಂದು ಹುಡುಕಬೇಡಿ. ಹತ್ತಿರದ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಕೇಳಿದರೆ ಫಾರಂ ಕೊಡುತ್ತಾರೆ. ಹೆಸರು, ವಿಳಾಸ, ಆಧಾರ್ ಪ್ರತಿ, ಫೋಟೋ, ಇಬ್ಬರು ಸಾಕ್ಷಿಗಳು. ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು ಎಂದು ಕೇಳುವುದುಂಟು. ಕೆಲವು ಕಾಲೇಜುಗಳು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸುತ್ತವೆ. ಇದೆಲ್ಲ ಆದ ಮೇಲೆ ಫೋನ್ ನಂಬರ್ ಇರುವ ಒಂದು ಕಾರ್ಡ್ ಸಿಗುತ್ತದೆ. ಮನಸ್ಸು ಬದಲಾದರೆ ಒಂದು ಪತ್ರ ಬರೆದು ವಾಪಸ್ ತೆಗೆದುಕೊಳ್ಳಬಹುದು.

ಕಾಲೇಜು ಹತ್ತಿರದ್ದೇ ಇರಲಿ. ಹುಟ್ಟಿದ ಊರಿನ ಅಭಿಮಾನಕ್ಕೆ ಹುಬ್ಬಳ್ಳಿಯಲ್ಲಿ ಬರೆಸಿಟ್ಟು, ಮಗಳ ಮನೆ ಅಂತ ಬೆಂಗಳೂರಿನಲ್ಲಿ ಕೊನೆಗಾಲ ಕಳೆದರೆ ಆ ಫಾರಂ ಉಪಯೋಗಕ್ಕೆ ಬರುವುದು ಕಷ್ಟ. ಹಾಗಂತ ಕೈ ಚೆಲ್ಲಬೇಕಿಲ್ಲ. ಮುಂಚೆ ಫಾರಂ ತುಂಬದಿದ್ದರೂ, ಸತ್ತವರ ಇಷ್ಟ ಹಾಗಿತ್ತು ಎಂದು ಮನೆಯವರೇ ಬರೆದುಕೊಟ್ಟರೆ ಬಹಳಷ್ಟು ಕಾಲೇಜುಗಳು ತೆಗೆದುಕೊಳ್ಳುತ್ತವೆ.

ಇದರ ತಿರುವುಮುರುವು ಕೂಡ ನಿಜ. ನೀವು ಎಷ್ಟೇ ಸಹಿ ಹಾಕಿದ್ದರೂ, ಆ ದಿನ ಮನೆಯವರು ಬೇಡ ಎಂದರೆ ಕಾಲೇಜಿನವರು ಜಗಳಕ್ಕೆ ನಿಲ್ಲುವುದಿಲ್ಲ. ನನ್ನ ಲೆಕ್ಕದಲ್ಲಿ ಆ ಫಾರಂನಲ್ಲಿ ಅತಿ ಮುಖ್ಯವಾದ ಸಹಿ ದಾನಿಯದಲ್ಲ, ಕೆಳಗೆ ಸಾಕ್ಷಿ ಎಂದು ಹಾಕುವ ಹೆಂಡತಿಯದೋ ಮಗನದೋ.

ಮನೆಯೊಳಗೇ ಒಮ್ಮತ ಇಲ್ಲದಿದ್ದರೆ ಎಲ್ಲಿಗೆ ಹೋಗಬಹುದು ಎಂಬುದನ್ನು ಪಕ್ಕದ ಕೇರಳ ನೋಡಿತು. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಿರಿಯ ಕಮ್ಯುನಿಸ್ಟ್ ನಾಯಕ ಎಂ.ಎಂ. ಲಾರೆನ್ಸ್ ತೀರಿಕೊಂಡರು. ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕೆಂದು ಅವರು ಬಾಯಿಮಾತಿನಲ್ಲಿ ಹೇಳಿದ್ದರು ಎಂದು ಮಗ ಹೇಳಿದರು. ಮಗಳೊಬ್ಬರು ಒಪ್ಪಲಿಲ್ಲ, ಕ್ರೈಸ್ತ ಪದ್ಧತಿಯಂತೆ ಮಣ್ಣು ಮಾಡಬೇಕು ಎಂದು ಹೈಕೋರ್ಟಿಗೆ ಹೋದರು. ಕೇರಳದ ಅನಾಟಮಿ ಕಾನೂನಿನಲ್ಲಿ ಕೊನೆಯ ಕಾಯಿಲೆಯ ಹೊತ್ತಿನಲ್ಲಿ ಸಾಕ್ಷಿಗಳ ಎದುರು ಹೇಳಿದ ಮಾತಿಗೂ ಬೆಲೆ ಇದೆ. ಹೈಕೋರ್ಟ್ ಎರಡು ಹಂತದಲ್ಲೂ ದೇಹದಾನದ ಪರವಾಗಿ ನಿಂತಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಷ್ಟೂ ದಿನ ದೇಹ ಕಾಲೇಜಿನ ಶವಾಗಾರದಲ್ಲಿ ಕಾಯುತ್ತಿತ್ತು.

ಉಸಿರು ನಿಂತ ಮೇಲಿನ ಕೆಲವು ಗಂಟೆ

ಮೊದಲ ಫೋನ್ ವೈದ್ಯರಿಗೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣ ಬರೆದ ಪತ್ರವನ್ನು ಅವರೇ ಕೊಡುತ್ತಾರೆ. ಅದಕ್ಕೆ ನಮೂನೆ 4 ಎನ್ನುತ್ತಾರೆ. ಮನೆಯಲ್ಲಿ ತೀರಿಕೊಂಡರೆ ಬೇಕಾಗುವುದು ನಮೂನೆ 4ಎ, ಅದನ್ನು ಕೊಡಬೇಕಾದವರು ಕೊನೆಯ ದಿನಗಳಲ್ಲಿ ನೋಡುತ್ತಿದ್ದ ಡಾಕ್ಟರು. ತುಂಬಾ ಮನೆಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವಯಸ್ಸಾದವರು ನಿದ್ದೆಯಲ್ಲೇ ಹೋಗಿರುತ್ತಾರೆ, ಆರು ತಿಂಗಳಿಂದ ಯಾವ ಡಾಕ್ಟರೂ ನೋಡಿರುವುದಿಲ್ಲ, ಗುರುತಿಲ್ಲದ ಡಾಕ್ಟರು ಸಹಿ ಹಾಕಲು ಹಿಂಜರಿಯುತ್ತಾರೆ. ಸಹಜ ಸಾವು ಎಂದು ಬರೆದ ಪತ್ರ ಇಲ್ಲದೆ ಯಾವ ಕಾಲೇಜೂ ದೇಹವನ್ನು ಮುಟ್ಟುವುದಿಲ್ಲ. ಹಾಗಾಗಿ ಮನೆಯಲ್ಲಿ ಹಿರಿಯರಿದ್ದರೆ ಬೀದಿಯ ಕ್ಲಿನಿಕ್ಕಿನ ಡಾಕ್ಟರ ಪರಿಚಯ ಇರಲಿ.

ಎರಡನೇ ಫೋನ್ ಕಾಲೇಜಿಗೆ. ಹಬ್ಬದ ರಜೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಯಾರು ಎತ್ತುತ್ತಾರೆ ಎಂಬುದನ್ನು ಫಾರಂ ತರುವ ದಿನವೇ ಕೇಳಿಟ್ಟುಕೊಳ್ಳಿ. ನೇತ್ರದಾನದ ಇಷ್ಟವೂ ಇದ್ದರೆ ಮೂರನೇ ಫೋನ್ ನೇತ್ರ ಬ್ಯಾಂಕಿಗೆ. ಕಣ್ಣು ತೆಗೆದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುತ್ತವೆ, ಅದಕ್ಕೆ ತಕರಾರಿಲ್ಲ. ಅಷ್ಟು ಹೊತ್ತು ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು.

ದೇಹ ಎಷ್ಟು ಬೇಗ ತಲುಪಿದರೆ ಅಷ್ಟು ಒಳ್ಳೆಯದು. ಎಷ್ಟು ಗಂಟೆಯೊಳಗೆ ಎಂಬ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ನಮ್ಮ ಬೇಸಿಗೆಯಲ್ಲಂತೂ ಬೆಳಿಗ್ಗೆ ಹೋದವರನ್ನು ಸಂಜೆ ತನಕ ಹಾಗೇ ಮಲಗಿಸಿದರೆ ಕೆಡಲು ಶುರುವಾಗುತ್ತದೆ. ದೂರದ ಊರಿನಿಂದ ಮಕ್ಕಳು ಬರಬೇಕು ಎಂದಿದ್ದರೆ ಫ್ರೀಜರ್ ಬಾಕ್ಸ್ ತರಿಸಿ. ಅಮೆರಿಕದಲ್ಲಿರುವ ಮಗ ಬರಲಿ ಎಂದು ಎರಡು ದಿನ ಕಾಯುವ ಮಾತಿದ್ದರೆ ಕಾಲೇಜಿನವರನ್ನು ಮೊದಲೇ ಕೇಳಬೇಕು. ಅವರ ಶವಾಗಾರದಲ್ಲೇ ಇಟ್ಟು, ಮಗ ಬಂದ ಮೇಲೆ ಮುಖ ತೋರಿಸುವ ವ್ಯವಸ್ಥೆ ಇದ್ದರೂ ಇರಬಹುದು.

ಪೂಜೆ, ಪುನಸ್ಕಾರ? ಮನೆಯಲ್ಲಿ ಸ್ನಾನ ಮಾಡಿಸಿ, ಹೂವು ಹಾಕಿ, ಬಾಯಿಗೆ ನೀರು ಬಿಟ್ಟು ಕಳಿಸುವುದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಮುಂದಿನ ಕರ್ಮಗಳನ್ನು ಮಾಡಲೇಬೇಕು ಎನ್ನುವವರಿಗೂ ದಾರಿ ಇದೆ. ದೇಹ ಸಿಗದೇ ಹೋದಾಗ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ದೇಹದಾನ ಮಾಡಿದ ಕೆಲವು ಮನೆಗಳು ಅದನ್ನೇ ಅನುಸರಿಸುತ್ತವೆ. ಇನ್ನು ಕೆಲವರು ನೇರವಾಗಿ ಹನ್ನೊಂದನೇ ದಿನದ ಊಟ ಮಾತ್ರ ಇಟ್ಟುಕೊಳ್ಳುತ್ತಾರೆ.

ಕಾಲೇಜು ದೇಹ ಪಡೆದಿದ್ದಕ್ಕೆ ಒಂದು ಪತ್ರ ಕೊಡುತ್ತದೆ. ಜೋಪಾನವಾಗಿಡಿ. ಸ್ಮಶಾನದ ರಸೀದಿ ಇಲ್ಲದ ಕಾರಣ ಸಾವು ನೋಂದಾಯಿಸುವಾಗ ತೋರಿಸಲು ಇದೇ ಕಾಗದ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಬ್ಯಾಂಕು, ಪಿಂಚಣಿ, ಖಾತೆ ಬದಲಾವಣೆ ಎಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕೇ ಬೇಕು.

ಕೆಲವು ದೇಹಗಳನ್ನು ಬೇಡ ಎನ್ನುವುದೇಕೆ?

ಇದು ಮನೆಯವರಿಗೆ ಎಲ್ಲಕ್ಕಿಂತ ನೋವು ಕೊಡುವ ಭಾಗ. "ನಾವು ದಾನ ಕೊಡ್ತೀವಿ ಅಂದ್ರೂ ಬೇಡ ಅಂತಾರಲ್ಲ" ಎಂಬ ಸಿಟ್ಟು ಸಹಜ. ಕಾರಣ ತಿಳಿಯಲು ಎಂಬಾಮಿಂಗ್ ಹೇಗೆ ಮಾಡುತ್ತಾರೆ ಎಂದು ಗೊತ್ತಿರಬೇಕು. ದೇಹ ಕೆಡದಂತೆ ರಾಸಾಯನಿಕ ತುಂಬುವ ಕೆಲಸ ಅದು.

ತೊಡೆಸಂದಿನಲ್ಲಿ, ಇಲ್ಲವೇ ಕುತ್ತಿಗೆಯಲ್ಲಿ ಸಣ್ಣದಾಗಿ ಕೊಯ್ದು ದೊಡ್ಡ ರಕ್ತನಾಳವನ್ನು ಹೊರಗೆಳೆಯುತ್ತಾರೆ. ಅದರೊಳಗೆ ಕೊಳವೆ ತೂರಿಸಿ ದಾರದಿಂದ ಬಿಗಿಯುತ್ತಾರೆ. ದ್ರಾವಣದ ಡಬ್ಬವನ್ನು ಎತ್ತರದ ಸ್ಟ್ಯಾಂಡಿಗೆ ನೇತುಹಾಕಿ ತಾನಾಗಿಯೇ ಇಳಿಯಲು ಬಿಡುತ್ತಾರೆ, ಇಲ್ಲವೇ ಪಂಪ್ ಇಡುತ್ತಾರೆ. ಫಾರ್ಮಲಿನ್, ಸ್ಪಿರಿಟ್, ಗ್ಲಿಸರಿನ್, ಫೀನಾಲ್ ಬೆರೆಸಿದ ಈ ದ್ರಾವಣ ಒಂದು ದೇಹಕ್ಕೆ ಹತ್ತು ಲೀಟರ್ ಹತ್ತಿರ ಹೋಗುತ್ತದೆ. ಕಾಲ್ಬೆರಳುಗಳು ಬಿಗಿಯಾದರೆ, ಚರ್ಮ ಗಟ್ಟಿಯಾಗುತ್ತಾ ಬಂದರೆ ತುದಿಯವರೆಗೂ ತಲುಪಿತು ಎಂದು ಅರ್ಥ. ಫಾರ್ಮಲಿನ್ ದೇಹದ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ.

ಅಡಿಕೆ ತೋಟದ ಡ್ರಿಪ್ ನೆನಪಿಸಿಕೊಳ್ಳಿ. ಒಂದು ಕಡೆ ವಾಲ್ವ್ ತಿರುಗಿಸಿದರೆ ಪ್ರತಿ ಮರದ ಬುಡಕ್ಕೂ ನೀರು ಹೋಗುತ್ತದೆ. ನಡುವೆ ಪೈಪ್ ಕತ್ತರಿಸಿದ್ದರೆ? ನೀರೆಲ್ಲ ಅಲ್ಲೇ ಸೋರಿ, ಮುಂದಿನ ಸಾಲು ಒಣಗುತ್ತದೆ. ಪೋಸ್ಟ್ ಮಾರ್ಟಂ ಆದ ದೇಹದಲ್ಲಿ, ಅಂಗಾಂಗ ತೆಗೆದ ದೇಹದಲ್ಲಿ ಆಗುವುದೂ ಇದೇ. ದೊಡ್ಡ ನಾಳಗಳು ತುಂಡಾಗಿರುತ್ತವೆ, ದ್ರಾವಣ ಕೈಕಾಲಿಗೆ ಹೋಗುವುದಿಲ್ಲ. ಅದಕ್ಕೇ ಅಂಗಾಂಗ ದಾನ ಮತ್ತು ದೇಹದಾನ ಎರಡೂ ಒಟ್ಟಿಗೆ ಆಗುವುದು ಅಪರೂಪ. ಎರಡಕ್ಕೂ ಹೆಸರು ಬರೆಸಿಡಬಹುದು. ಬ್ರೈನ್ ಡೆತ್ ಆದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು.

ಅಪಘಾತ, ಆತ್ಮಹತ್ಯೆ, ಕೊಲೆ, ಸುಟ್ಟಗಾಯ ಇವೆಲ್ಲ ಎಂಎಲ್‌ಸಿ, ಅಂದರೆ ಪೊಲೀಸ್ ತನಿಖೆಗೆ ಬರುವ ಮೆಡಿಕೋ-ಲೀಗಲ್ ಕೇಸುಗಳು. ಪೊಲೀಸರು ಬರುತ್ತಾರೆ, ಪೋಸ್ಟ್ ಮಾರ್ಟಂ ಆಗುತ್ತದೆ, ದೇಹದಾನದ ಮಾತು ಅಲ್ಲಿಗೆ ಮುಗಿಯಿತು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ರಿಯ ಕ್ಷಯದಂಥ ಸೋಂಕು ಇದ್ದರೆ ಬೇಡ ಎನ್ನುತ್ತಾರೆ. ಮುಟ್ಟಿ ಕಲಿಯುವುದು ಹದಿನೆಂಟು ಹತ್ತೊಂಬತ್ತರ ಹುಡುಗರು ನೋಡಿ. ಕೊಳೆಯಲು ಶುರುವಾದ ದೇಹ, ವಿಪರೀತ ದಪ್ಪ ಇರುವ ದೇಹ, ದೊಡ್ಡ ಬೆಡ್‌ಸೋರ್ ಆದ ದೇಹ ಕೂಡ ಕಷ್ಟ. ಬರೀ ವಯಸ್ಸಾಗಿದೆ ಎಂದು ಬಿಡುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರದ್ದೂ ನಡೆಯುತ್ತದೆ. ಕೆಲವೊಮ್ಮೆ ಕಾಲೇಜಿನಲ್ಲಿ ಇಡಲು ಜಾಗವೇ ಇರುವುದಿಲ್ಲ, ಪಕ್ಕದ ಕಾಲೇಜಿಗೆ ಕಳಿಸುತ್ತಾರೆ.

ಈ ಆಯ್ಕೆ ಇವತ್ತಿನದಲ್ಲ ಎನ್ನುವುದು ಮಜವಾದ ವಿಷಯ. ಸುಶ್ರುತ ಸಂಹಿತೆಯಲ್ಲೂ ಇಂಥದ್ದೇ ಪಟ್ಟಿ ಇದೆ: ಎಲ್ಲ ಅಂಗ ಇರಬೇಕು, ವಿಷದಿಂದ ಸತ್ತಿರಬಾರದು, ದೀರ್ಘ ಕಾಯಿಲೆ ಇರಬಾರದು, ನೂರು ವರ್ಷದ ಮುದುಕರಾಗಿರಬಾರದು. ಆಗ ಫಾರ್ಮಲಿನ್ ಇರಲಿಲ್ಲವಲ್ಲ. ಕರುಳು ಸ್ವಚ್ಛ ಮಾಡಿ, ಹುಲ್ಲು ಸುತ್ತಿ, ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಮುಳುಗಿಸುತ್ತಿದ್ದರು. ಏಳು ರಾತ್ರಿ ಕಳೆದ ಮೇಲೆ ಹೊರತೆಗೆದು, ಲಾವಂಚದಂಥ ಬೇರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಶುರುಮಾಡಿ ಒಂದೊಂದೇ ಪದರ ನೋಡುತ್ತಿದ್ದರು.

ಆಮೇಲೆ ದೇಹ ಏನಾಗುತ್ತದೆ?

ಎಂಬಾಮಿಂಗ್ ಆದ ದೇಹ ಕೂಡಲೇ ಟೇಬಲ್ಲಿಗೆ ಬರುವುದಿಲ್ಲ. ಫಾರ್ಮಲಿನ್ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ವರ್ಷಗಳ ತನಕ ಇಡಬಹುದು. 2010ರ ನವೆಂಬರ್‌ನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ಒಂದು ದೇಹವನ್ನು ವಿದ್ಯಾರ್ಥಿಗಳ ಎದುರು ಬಿಡಿಸಿ ಪಾಠ ಮಾಡಿದರು. ಅದು ಅವರ ತಂದೆಯ ದೇಹ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು, ಹೀಗೇ ಆಗಬೇಕೆಂದು ಅವರೇ ಬರೆದಿಟ್ಟಿದ್ದರು. ಅನಾಟಮಿ ಮೇಷ್ಟ್ರಾದ ಮಗ ಅದನ್ನು ನಡೆಸಿಕೊಟ್ಟರು. ಎಲ್ಲರಿಂದ ಆಗುವ ಕೆಲಸವಲ್ಲ ಬಿಡಿ.

ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ದಾನಿಯ ಹೆಸರು ಹೇಳುವುದಿಲ್ಲ, ದೇಹಕ್ಕೆ ಒಂದು ನಂಬರ್ ಇರುತ್ತದೆ. ಮೊದಲ ದಿನ ದೇಹದ ಮುಂದೆ ನಿಂತು, ಗೌರವದಿಂದ ನಡೆದುಕೊಳ್ಳುತ್ತೇವೆ ಎಂದು ಪ್ರತಿಜ್ಞೆ ಮಾಡಿಸುವ ಕ್ರಮ ಈಗ ಬಹಳ ಕಡೆ ಇದೆ. 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯದಲ್ಲಿ, ಈ ದೇಹವೇ ನಮ್ಮ ಮೊದಲ ಗುರು ಎಂದು ಕಲಿಸುವ ಒಂದು ಪಾಠವನ್ನೇ ಸೇರಿಸಿದ್ದಾರೆ. ದೇಹ ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಮೊಬೈಲ್ ತೆಗೆದು ಫೋಟೋ ಹೊಡೆಯುವಂತಿಲ್ಲ. ಫಾರ್ಮಲಿನ್ ಘಾಟಿಗೆ ಮೊದಲ ವಾರ ಎಲ್ಲರ ಕಣ್ಣಲ್ಲೂ ನೀರು. ವರ್ಷಪೂರ್ತಿ ಕೈ, ಕಾಲು, ಎದೆ, ಹೊಟ್ಟೆ, ತಲೆ ಹೀಗೆ ಭಾಗ ಭಾಗವಾಗಿ ಬಿಡಿಸಿ ಕಲಿಯುತ್ತಾರೆ. ಕೆಲವು ದೇಹಗಳನ್ನು ಎಂಬಾಮಿಂಗ್ ಮಾಡದೆ ಆಳವಾದ ಶೀತದಲ್ಲಿಟ್ಟು, ಈಗಾಗಲೇ ಸರ್ಜನ್ ಆಗಿರುವವರಿಗೆ ಹೊಸ ಆಪರೇಷನ್ ಅಭ್ಯಾಸ ಮಾಡಿಸಲು ಬಳಸುವುದೂ ಉಂಟು.

ಪಾಠ ಮುಗಿದ ಮೇಲೆ ಉಳಿದದ್ದನ್ನು ಕಾಲೇಜೇ ಹೂಳುತ್ತದೆ ಇಲ್ಲವೇ ಸುಡುತ್ತದೆ. ಮೂಳೆಗಳನ್ನು ಶುಚಿ ಮಾಡಿ ಪಾಠಕ್ಕೆ ಇಟ್ಟುಕೊಳ್ಳುವುದುಂಟು, ಬೇಕಾದ ಅಂಗಗಳನ್ನು ಗಾಜಿನ ಜಾಡಿಯಲ್ಲಿಟ್ಟು ಮ್ಯೂಸಿಯಂಗೆ ಸೇರಿಸುವುದುಂಟು. ಆದರೆ ಮಾರುವಂತಿಲ್ಲ. ಒಂದು ಕಾಲದಲ್ಲಿ ಭಾರತದಿಂದ, ಅದರಲ್ಲೂ ಕೋಲ್ಕತ್ತದಿಂದ, ಜಗತ್ತಿನ ಮೆಡಿಕಲ್ ಕಾಲೇಜುಗಳಿಗೆ ಅಸ್ಥಿಪಂಜರ ರಫ್ತಾಗುತ್ತಿತ್ತು. 1985ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ದೇಹವಾಗಲಿ ಬೂದಿಯಾಗಲಿ ಮನೆಗೆ ವಾಪಸ್ ಬರುವುದಿಲ್ಲ ಎಂದುಕೊಂಡೇ ಕೊಡಬೇಕು. ನಮ್ಮ ಹೆಚ್ಚಿನ ಕಾಲೇಜುಗಳ ಒಪ್ಪಿಗೆ ಪತ್ರದಲ್ಲೇ ಈ ಮಾತು ಇರುತ್ತದೆ. ಕಾವೇರಿಗೆ ಬಿಡಲು ಒಂದು ಹಿಡಿ ಬೂದಿ ಬೇಕು ಎನ್ನುವ ಅಮ್ಮ ಮನೆಯಲ್ಲಿದ್ದರೆ, ಅಪ್ಪ ಫಾರಂ ತುಂಬುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅನಾಟಮಿ ವಿಭಾಗದವರು ಕೂರಿಸಿ ಎಲ್ಲ ಹೇಳುತ್ತಾರೆ. ಕೂದಲು, ಉಗುರು ಇಟ್ಟುಕೊಂಡು ಕರ್ಮ ಮಾಡಬಹುದೇ, ವರ್ಷಕ್ಕೊಮ್ಮೆ ದಾನಿಗಳನ್ನು ನೆನೆಯುವ ಕಾರ್ಯಕ್ರಮ ಇದೆಯೇ, ಅದಕ್ಕೆ ಮನೆಯವರನ್ನು ಕರೆಯುತ್ತಾರೆಯೇ, ದೇಹ ಬೇಡ ಎಂದರೆ ಮುಂದೇನು, ಎಲ್ಲವನ್ನೂ ಅಲ್ಲೇ ಕೇಳಿಬಿಡಬಹುದು.